ಮೇಲ್ ಸರ್ವರ್: ಯುನಿಕ್ಸ್ ಬಗೆಯ ಗಣಕಗಳಲ್ಲಿ ಸ್ಥಾಪನೆ ಮತ್ತು ನಿರ್ವಹಣೆ

ಒಂದು ಸಂಸ್ಥೆಯ ಹೆಸರಿಗೆ ಬರುವ ಇ-ಮೇಲ್‌ಗಳನ್ನು ಬರಮಾಡಿಕೊಂಡು ಆಯಾ ಬಳಕೆದಾರರ ಅಂಚೆಪೆಟ್ಟಿಗೆಗೆ ಸೇರಿಸುವ, ಸಂಸ್ಥೆಯ ಒಳಗಿನವರು ಬರೆದ ಇ-ಮೇಲ್‌ಗಳನ್ನು ಹೊರಗಿನ ಸರ್ವರ್‌ಗಳಿಗೆ ಒಪ್ಪಿಸುವ ಗಣಕವನ್ನೂ ಅದರಲ್ಲಿ ಹಗಲಿರುಳು ಓಡುತ್ತಿರುವ ತಂತ್ರಾಂಶಗಳನ್ನೂ ಒಟ್ಟಾಗಿ ಮೇಲ್ ಸರ್ವರ್ ಎಂದು ಕರೆಯುತ್ತಾರೆ. ಯುನಿಕ್ಸ್, ಅದರ ನೇರ ವಂಶಕ್ಕೆ ಸೇರಿದ ಬಿಎಸ್‌ಡಿ ವ್ಯವಸ್ಥೆಗಳು ಮತ್ತು ಅದೇ ಮಾದರಿಯಲ್ಲಿ ಸ್ವತಂತ್ರವಾಗಿ ಬರೆಯಲಾದ ಲಿನಕ್ಸ್ ಇವೆಲ್ಲ ಯುನಿಕ್ಸ್ ಬಗೆಯ ವ್ಯವಸ್ಥೆಗಳು. ಇ-ಮೇಲ್ ಸಾಗಿಸುವ ಪ್ರಮುಖ ತಂತ್ರಾಂಶಗಳಲ್ಲಿ ಹೆಚ್ಚಿನವು ಹುಟ್ಟಿ ಬೆಳೆದದ್ದು ಇವುಗಳ ಮೇಲೆಯೇ. ತಂತ್ರಾಂಶವನ್ನು ಗಣಕಕ್ಕೆ ಇಳಿಸಿ ಚಾಲೂ ಮಾಡುವುದು ಅರ್ಧ ದಿನದೊಳಗೆ ಮುಗಿಯುವ ಕೆಲಸ. ಆ ಗಣಕದ ಹೆಸರನ್ನು ಹೊರಗಿನವರು ನಂಬುವಂತೆ ಮಾಡುವುದು ಮತ್ತು ಆ ನಂಬಿಕೆಯನ್ನು ಸಿಬ್ಬಂದಿ ಬದಲಾದರೂ ವರ್ಷಗಟ್ಟಲೆ ಉಳಿಸಿಕೊಂಡು ಹೋಗುವುದು ಅದಕ್ಕಿಂತ ಬಹಳ ದೊಡ್ಡ ಹೊಣೆ.

ಉತ್ತರ ಬೆಂಗಳೂರಿನ ಹಿನ್ನೆಲೆ

ಕರ್ನಾಟಕದಲ್ಲಿ ಈ ವಿದ್ಯೆ ಮೊದಲು ಬೇರೂರಿದ ಜಾಗಗಳಲ್ಲಿ ಯಶವಂತಪುರಕ್ಕೂ ಮಲ್ಲೇಶ್ವರಕ್ಕೂ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಮುಖ್ಯವಾದದ್ದು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ 1986ರಲ್ಲಿ ಆರಂಭಿಸಿದ ಶಿಕ್ಷಣ ಮತ್ತು ಸಂಶೋಧನಾ ಜಾಲ, ಅಂದರೆ ಅರ್‌ನೆಟ್, ಎಂಟು ಸಂಸ್ಥೆಗಳನ್ನು ಒಳಗೊಂಡಿತ್ತು: ದೆಹಲಿ, ಮುಂಬಯಿ, ಕಾನ್ಪುರ, ಖರಗ್‌ಪುರ ಮತ್ತು ಮದರಾಸಿನ ಐಐಟಿಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ, ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆ. ವಿಜ್ಞಾನ ಸಂಸ್ಥೆಯಲ್ಲಿ ಈ ಯೋಜನೆಯ ಹೊಣೆಯನ್ನು 1988ರಿಂದ ಬಹುಕಾಲ ಹೊತ್ತವರು ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕ ಅನುರಾಗ್ ಕುಮಾರ್. ಮುಂದೆ ಅವರೇ ಆ ಸಂಸ್ಥೆಯ ನಿರ್ದೇಶಕರೂ ಆದರು.

ಆರಂಭದ ದಿನಗಳಲ್ಲಿ ಈ ಜಾಲದ ಅಂಚೆ ಸಾಗುತ್ತಿದ್ದದ್ದು ಯುಯುಸಿಪಿ ಎಂಬ ವಿಧಾನದಿಂದ. ಒಂದು ಯುನಿಕ್ಸ್ ಗಣಕವು ಮೋಡೆಮ್ ಮೂಲಕ ಇನ್ನೊಂದಕ್ಕೆ ಫೋನ್ ಮಾಡಿ, ಅಲ್ಲಿಯವರೆಗೆ ಕೂಡಿಟ್ಟಿದ್ದ ಪತ್ರಗಳನ್ನೆಲ್ಲ ಒಮ್ಮೆಗೇ ದಾಟಿಸಿ, ಆ ಕಡೆಯಿಂದ ಬರಬೇಕಾದವನ್ನು ಪಡೆದು, ಕರೆ ಮುಗಿಸುವ ಏರ್ಪಾಡು ಅದು. ಟೆಲಿಫೋನ್ ಮಾರ್ಗಗಳ ಗುಣಮಟ್ಟ ಕಡಿಮೆಯಿದ್ದು ಸದಾ ತೆರೆದಿರುವ ಸಂಪರ್ಕ ದುರ್ಲಭವಾಗಿದ್ದ ಕಾಲಕ್ಕೆ ಅದು ತಕ್ಕ ವಿಧಾನವಾಗಿತ್ತು. ಪತ್ರ ಒಂದು ಊರಿನಲ್ಲಿ ತಂಗಿ ಮತ್ತೊಂದು ಊರಿಗೆ ಮುಂದುವರಿಯಬಹುದು ಎಂಬ ಆ ತತ್ತ್ವ ಇಂದಿನ ಮೇಲ್ ಸರ್ವರ್‌ಗಳ ಸರತಿ ವ್ಯವಸ್ಥೆಯಲ್ಲಿ ಈಗಲೂ ಉಳಿದಿದೆ. ಜಾಲ ಬಲಗೊಂಡಂತೆ ವಿಜ್ಞಾನ ಸಂಸ್ಥೆಯ ವಿಭಾಗಗಳು ಅರ್‌ನೆಟ್‌ನ ಡೊಮೇನ್ ಅಡಿಯಲ್ಲಿ ತಂತಮ್ಮ ಉಪಹೆಸರುಗಳನ್ನು ಪಡೆದುಕೊಂಡವು. ಆ ಕಾಲದ ಸಂಶೋಧನಾ ಪ್ರಬಂಧಗಳ ಮೊದಲ ಪುಟದಲ್ಲಿ ಲೇಖಕರ ಹೆಸರಿನ ಕೆಳಗೆ ಅಚ್ಚಾಗಿರುವ ವಿಳಾಸಗಳಲ್ಲಿ ವಿಭಾಗದ ಸಂಕ್ಷಿಪ್ತ ಹೆಸರು, ಅದರ ನಂತರ ಸಂಸ್ಥೆ, ಅದರ ನಂತರ ಅರ್‌ನೆಟ್, ಕೊನೆಗೆ ಭಾರತವನ್ನು ಸೂಚಿಸುವ ‘ಇನ್’ ಎಂಬ ಸಾಲು ಕಾಣುತ್ತದೆ.

ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಆರಂಭಿಸಿತು. ಮೊದಲ ವರ್ಷಗಳ ಚಂದಾದಾರರಲ್ಲಿ ಅನೇಕರು ಮೋಡೆಮ್ ಮೂಲಕ ನಿಗಮದ ಯುನಿಕ್ಸ್ ಗಣಕಕ್ಕೆ ಪ್ರವೇಶಿಸಿ, ಅಕ್ಷರಗಳಷ್ಟೇ ಮೂಡುವ ಪರದೆಯಲ್ಲಿ ಪೈನ್ ಎಂಬ ತಂತ್ರಾಂಶದಿಂದ ಪತ್ರ ಓದುತ್ತಿದ್ದರು. ಹೀಗೆ ಬೆಂಗಳೂರಿನ ಒಂದು ತಲೆಮಾರಿಗೆ ಇ-ಮೇಲ್ ಮತ್ತು ಯುನಿಕ್ಸ್ ಒಟ್ಟೊಟ್ಟಿಗೆ ಪರಿಚಯವಾದವು. 2001ರಲ್ಲಿ ಶುರುವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ, 2005ರಿಂದ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ಮುಂದುವರಿದು, ಮುಕ್ತ ತಂತ್ರಾಂಶವನ್ನು ತಾವೇ ಸ್ಥಾಪಿಸಿ ನಡೆಸಬಲ್ಲವರ ಬಳಗವನ್ನು ನಗರದಲ್ಲಿ ಬೆಳೆಸಿತು.

ಇಂದು ಮೇಖ್ರಿ ವೃತ್ತದಿಂದ ಯಲಹಂಕದ ಆಚೆಯವರೆಗೆ ಸಾಗಿದರೆ ಸಂಶೋಧನಾ ಸಂಸ್ಥೆಗಳ ದೊಡ್ಡ ಸಾಲೇ ಸಿಗುತ್ತದೆ. ಸದಾಶಿವನಗರದ ಬಳಿ ಸಿ. ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆ, ಹೆಬ್ಬಾಳದ ಆಚೆ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಹೆಸರಘಟ್ಟದ ಕಡೆ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಇವು ಪ್ರತಿಯೊಂದಕ್ಕೂ ಸ್ವಂತ ಡೊಮೇನ್ ಉಂಟು. ಕೆಲವು ‘ಎಸಿ ಡಾಟ್ ಇನ್’ ಎಂದೂ ಕೆಲವು ‘ಆರ್‌ಇಎಸ್ ಡಾಟ್ ಇನ್’ ಎಂದೂ ಕೊನೆಗೊಳ್ಳುತ್ತವೆ. ಈ ಎರಡೂ ವಲಯಗಳ ನೋಂದಣಿಯನ್ನು ನೋಡಿಕೊಳ್ಳುವುದು ಅರ್‌ನೆಟ್ ಸಂಸ್ಥೆಯೇ. ಯಲಹಂಕದ ಎಂಜಿನಿಯರಿಂಗ್ ಕಾಲೇಜುಗಳು, ಆರ್.ಟಿ. ನಗರದ ಲೆಕ್ಕಪರಿಶೋಧಕರ ಕಚೇರಿಗಳು, ಯಶವಂತಪುರದ ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳು ಎದುರಿಸುವ ಪ್ರಶ್ನೆಯೂ ಇದೇ ಬಗೆಯದು: ಹೆಸರು ತಮ್ಮದಾದ ಮೇಲೆ ಆ ಹೆಸರಿಗೆ ಬರುವ ಪತ್ರವನ್ನು ಸ್ವೀಕರಿಸುವ ಗಣಕ ಯಾವುದು, ಅದನ್ನು ನೋಡಿಕೊಳ್ಳುವವರು ಯಾರು.

ಸಾಗಣೆಯ ತಂತ್ರಾಂಶಗಳು

ಪತ್ರವನ್ನು ಸರ್ವರ್‌ನಿಂದ ಸರ್ವರ್‌ಗೆ ಸಾಗಿಸುವ ಕ್ರಮಕ್ಕೆ ಎಸ್‌ಎಂಟಿಪಿ, ಅಂದರೆ ಸರಳ ಅಂಚೆ ವರ್ಗಾವಣಾ ವಿಧಿ, ಎಂದು ಹೆಸರು. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಆ ವಿಧಿಯು 2001 ಮತ್ತು 2008ರಲ್ಲಿ ಪರಿಷ್ಕೃತಗೊಂಡಿದ್ದರೂ ಮೂಲ ಸ್ವರೂಪ ಬದಲಾಗಿಲ್ಲ. ಅದನ್ನು ಪಾಲಿಸುವ ತಂತ್ರಾಂಶಗಳಲ್ಲಿ ಹಿರಿಯದು, ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಬರೆದ ಸೆಂಡ್‌ಮೇಲ್. ಒಂದೇ ದೊಡ್ಡ ತಂತ್ರಾಂಶ ಗಣಕದ ಸರ್ವಾಧಿಕಾರದೊಡನೆ ಓಡುವ ರಚನೆ ಅದರದು. 1988ರ ನವೆಂಬರ್ 2ರಂದು ಇಂಟರ್‌ನೆಟ್‌ನಲ್ಲಿ ಹರಡಿದ ಮಾರಿಸ್ ಹುಳು ಹೊಕ್ಕ ಬಾಗಿಲುಗಳಲ್ಲಿ ಸೆಂಡ್‌ಮೇಲ್‌ನಲ್ಲಿ ಉಳಿದುಹೋಗಿದ್ದ ದೋಷಪರೀಕ್ಷಾ ಸೌಲಭ್ಯವೂ ಒಂದು. ಆ ಅನುಭವದ ನಂತರ ಬಂದವು ಬೇರೆ ಬಗೆಯಲ್ಲಿ ಕಟ್ಟಲ್ಪಟ್ಟವು. ಡೇನಿಯಲ್ ಬರ್ನ್‌ಸ್ಟೈನ್ ಅವರ ಕ್ಯೂಮೇಲ್, ಐಬಿಎಂ ಸಂಸ್ಥೆಯ ಪ್ರಯೋಗಾಲಯದಲ್ಲಿ ವೀಟ್ಸೆ ವೆನೆಮಾ ಬರೆದು 1998ರಲ್ಲಿ ಬಿಡುಗಡೆಯಾದ ಪೋಸ್ಟ್‌ಫಿಕ್ಸ್ ಇವೆರಡೂ ಕೆಲಸವನ್ನು ಹಲವು ಸಣ್ಣ ತಂತ್ರಾಂಶಗಳಿಗೆ ಹಂಚಿ, ಪ್ರತಿಯೊಂದಕ್ಕೂ ಅಗತ್ಯವಿದ್ದಷ್ಟೇ ಅಧಿಕಾರ ಕೊಡುತ್ತವೆ. ಒಂದು ಭಾಗ ಕೆಟ್ಟವರ ಕೈಗೆ ಸಿಕ್ಕರೂ ಇಡೀ ಗಣಕ ಸಿಕ್ಕಿಬೀಳುವುದಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಜಲ್ 1995ರಲ್ಲಿ ಆರಂಭಿಸಿದ ಎಕ್ಸಿಮ್ ಡೆಬಿಯನ್ ಲಿನಕ್ಸ್‌ನ ಪೂರ್ವನಿಯೋಜಿತ ಆಯ್ಕೆಯಾಗಿ ಬಳಕೆಗೆ ಬಂದಿತು. ರೆಡ್ ಹ್ಯಾಟ್ ವ್ಯವಸ್ಥೆ 2010ರ ಆವೃತ್ತಿಯಿಂದ ಸೆಂಡ್‌ಮೇಲ್ ಬದಲು ಪೋಸ್ಟ್‌ಫಿಕ್ಸ್ ಅನ್ನು ಮುಂದಿಟ್ಟಿತು. ಹೊಸದಾಗಿ ಸರ್ವರ್ ಕಟ್ಟುವವರಿಗೆ ಪೋಸ್ಟ್‌ಫಿಕ್ಸ್ ಒಳ್ಳೆಯ ಆಯ್ಕೆ, ಏಕೆಂದರೆ ಅದರ ಸಂರಚನೆ ಓದಿದರೆ ಅರ್ಥವಾಗುವಂಥದ್ದು, ದಾಖಲೆ ಸಾಹಿತ್ಯ ವಿಪುಲವಾದದ್ದು. ಆದ್ದರಿಂದ ಮುಂದಿನ ವಿವರಣೆ ಅದನ್ನೇ ಆಧರಿಸಿದೆ.

ಒಂದು ಪತ್ರದ ದಾರಿ

ಬಳಕೆದಾರರು ಪತ್ರ ಬರೆಯುವ ತಂತ್ರಾಂಶ, ಅದನ್ನು ಗುರುತು ಪರೀಕ್ಷಿಸಿ ಸ್ವೀಕರಿಸುವ ಸಲ್ಲಿಕೆ ಭಾಗ, ಊರಿಂದೂರಿಗೆ ಸಾಗಿಸುವ ವರ್ಗಾವಣಾ ಭಾಗ, ಕೊನೆಗೆ ಪೆಟ್ಟಿಗೆಗೆ ಹಾಕುವ ವಿಲೇವಾರಿ ಭಾಗ ಎಂದು ಈ ಸಾಗಣೆಯಲ್ಲಿ ಹಲವು ಹಂತಗಳಿವೆ. ಇವುಗಳಲ್ಲಿ ವರ್ಗಾವಣೆಯ ಹಂತವನ್ನು ಹತ್ತಿರದಿಂದ ನೋಡಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ಕಳುಹಿಸುವ ಸರ್ವರ್ ಮೊದಲು ವಿಳಾಸದಲ್ಲಿರುವ ಡೊಮೇನ್‌ನ ಎಂಎಕ್ಸ್ ದಾಖಲೆಯನ್ನು, ಅಂದರೆ ಆ ಹೆಸರಿನ ಅಂಚೆಯನ್ನು ಸ್ವೀಕರಿಸುವ ಗಣಕ ಇಂಥದ್ದು ಎಂದು ಹೇಳುವ ಡಿಎನ್‌ಎಸ್ ನಮೂದನ್ನು, ಹುಡುಕಿ ಆ ಗಣಕದ 25ನೇ ಪೋರ್ಟ್‌ಗೆ ಸಂಪರ್ಕ ಬೆಳೆಸುತ್ತದೆ. ಆ ಕಡೆಯಿಂದ 220 ಎಂಬ ಸಂಖ್ಯೆಯೊಡನೆ ಸ್ವಾಗತದ ಸಾಲು ಬರುತ್ತದೆ. ಕಳುಹಿಸುವ ಸರ್ವರ್ ‘ಇಎಚ್‌ಎಲ್‌ಒ’ ಎಂದು ತನ್ನ ಹೆಸರು ಹೇಳಿಕೊಳ್ಳುತ್ತದೆ. ‘ಮೇಲ್ ಫ್ರಮ್’ ಎಂದು ಕಳುಹಿಸಿದವರ ವಿಳಾಸವನ್ನು, ‘ಆರ್‌ಸಿಪಿಟಿ ಟು’ ಎಂದು ಪಡೆಯುವವರ ವಿಳಾಸವನ್ನು ತಿಳಿಸುತ್ತದೆ. ಪ್ರತಿ ಸಾಲಿಗೂ 250 ಎಂಬ ಉತ್ತರ ಬಂದರೆ ಒಪ್ಪಿಗೆ ಎಂದರ್ಥ; ಅಂಥ ಬಳಕೆದಾರರೇ ಇಲ್ಲದಿದ್ದರೆ ಇಲ್ಲಿಯೇ 550 ಎಂದು ತಿರಸ್ಕಾರ ಬರುತ್ತದೆ. ‘ಡೇಟಾ’ ಎಂದಾಗ 354 ಎಂಬ ಉತ್ತರ ಬರುತ್ತದೆ, ಆಮೇಲೆ ಪತ್ರದ ಇಡೀ ಪಠ್ಯ ಹೊರಡುತ್ತದೆ, ಸಾಲಿನಲ್ಲಿ ಒಂಟಿಯಾಗಿ ನಿಂತ ಒಂದು ಚುಕ್ಕೆ ಪಠ್ಯ ಮುಗಿಯಿತು ಎಂದು ಸೂಚಿಸುತ್ತದೆ. ಆ ಚುಕ್ಕೆಗೆ 250 ಎಂಬ ಉತ್ತರ ಕೊಟ್ಟ ಗಳಿಗೆಯಿಂದ ಪತ್ರದ ಹೊಣೆ ಪಡೆದ ಸರ್ವರ್‌ನದು. ಅದು ಮುಂದೆ ತಲುಪಿಸಬೇಕು ಇಲ್ಲವೇ ತಲುಪಿಸಲಾಗಲಿಲ್ಲ ಎಂದು ಕಳುಹಿಸಿದವರಿಗೆ ತಿಳಿಸಬೇಕು, ನಡುವೆ ಸದ್ದಿಲ್ಲದೆ ಕಳೆದುಬಿಡುವಂತಿಲ್ಲ. ಇ-ಮೇಲ್ ಇಷ್ಟು ವರ್ಷ ಬಾಳಿಬಂದಿರುವುದರ ಹಿಂದೆ ಈ ಒಂದು ಕರಾರಿನ ಬಲವಿದೆ.

ಇಲ್ಲಿ ಸರ್ವರ್‌ಗಳ ನಡುವೆ ಹೇಳಲಾಗುವ ವಿಳಾಸಗಳು ಲಕೋಟೆಯ ಮೇಲಿನ ಬರಹವಿದ್ದಂತೆ; ಪತ್ರದ ಒಳಗೆ ‘ಇಂದ’, ‘ಗೆ’ ಎಂದು ಕಾಣುವ ವಿಳಾಸಗಳು ಬೇರೆಯೇ. ಮೂಲ ವಿಧಿಯಲ್ಲಿ ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ, ಯಾವುದೂ ನಿಜವೆಂದು ಪರೀಕ್ಷಿಸುವ ಏರ್ಪಾಡೂ ಇಲ್ಲ. ಪರಸ್ಪರ ಪರಿಚಯವಿದ್ದ ವಿಶ್ವವಿದ್ಯಾಲಯಗಳ ನಡುವೆ ಹುಟ್ಟಿದ ವಿಧಿ ಇದು, ಆದ್ದರಿಂದ ವಂಚಕರನ್ನು ತಡೆಯುವ ಪದರಗಳೆಲ್ಲ ನಂತರ ಸೇರಿಸಿದವು.

ಸ್ಥಾಪನೆಗೆ ಮುನ್ನ

ಮೊದಲ ಅಗತ್ಯ ಬದಲಾಗದ ಐಪಿ ವಿಳಾಸ. ಮನೆಗಳಿಗೆ ಬರುವ ಫೈಬರ್ ಸಂಪರ್ಕದಲ್ಲಿ ವಿಳಾಸ ಆಗಾಗ ಬದಲಾಗುತ್ತದೆ, ಇಲ್ಲವೇ ನೂರಾರು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿರುತ್ತಾರೆ; ಅಂಥ ವಿಳಾಸಗಳಿಂದ ಬರುವ ಪತ್ರವನ್ನು ದೊಡ್ಡ ಸರ್ವರ್‌ಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದೇ ಇಲ್ಲ. ಕಚೇರಿಯಲ್ಲೇ ಸರ್ವರ್ ಇಡುವವರು ಸ್ಥಿರ ವಿಳಾಸವಿರುವ ಲೀಸ್ಡ್ ಲೈನ್ ಪಡೆಯುತ್ತಾರೆ, ಉಳಿದವರು ಡೇಟಾ ಸೆಂಟರ್‌ನಲ್ಲಿ ಒಂದು ಗಣಕವನ್ನು ಬಾಡಿಗೆಗೆ ಹಿಡಿಯುತ್ತಾರೆ. ದೊಡ್ಡ ಕ್ಲೌಡ್ ಕಂಪನಿಗಳು ಸ್ಪ್ಯಾಮ್ ಭಯದಿಂದ ಹೊರಹೋಗುವ 25ನೇ ಪೋರ್ಟ್ ಅನ್ನು ಮೊದಲೇ ಮುಚ್ಚಿಟ್ಟಿರುವುದುಂಟು. ಹಣ ಕಟ್ಟುವ ಮುನ್ನ ಇದನ್ನು ವಿಚಾರಿಸಿಕೊಳ್ಳುವುದು ಒಳಿತು.

ಎರಡನೆಯದು ಡಿಎನ್‌ಎಸ್ ದಾಖಲೆಗಳು. ಸರ್ವರ್‌ನ ಹೆಸರಿನಿಂದ ಐಪಿ ವಿಳಾಸ ಸಿಗಬೇಕು, ಡೊಮೇನ್‌ನ ಎಂಎಕ್ಸ್ ದಾಖಲೆ ಆ ಹೆಸರನ್ನು ತೋರಿಸಬೇಕು, ಮುಖ್ಯವಾಗಿ ಐಪಿ ವಿಳಾಸದಿಂದ ಹಿಂದಕ್ಕೆ ಹುಡುಕಿದಾಗಲೂ ಅದೇ ಹೆಸರು ಸಿಗಬೇಕು. ಈ ಹಿಮ್ಮುಖ ದಾಖಲೆಗೆ ಪಿಟಿಆರ್ ಎಂದು ಹೆಸರು. ಡೊಮೇನ್ ಕೊಂಡವರು ಎಂಎಕ್ಸ್ ದಾಖಲೆಯನ್ನು ತಾವೇ ಬರೆದುಕೊಳ್ಳಬಹುದು, ಪಿಟಿಆರ್ ಮಾತ್ರ ಐಪಿ ವಿಳಾಸದ ಒಡೆಯರ, ಅಂದರೆ ಇಂಟರ್‌ನೆಟ್ ಸೇವೆ ಕೊಡುವ ಕಂಪನಿಯ, ಕೈಯಲ್ಲಿರುತ್ತದೆ. ಅದಕ್ಕಾಗಿ ಲಿಖಿತ ಕೋರಿಕೆ ಸಲ್ಲಿಸಿ ಕಾಯಬೇಕಾಗುತ್ತದೆ. ಆದ್ದರಿಂದ ಅನುಭವಿಗಳು ತಂತ್ರಾಂಶಕ್ಕೆ ಕೈ ಹಾಕುವ ಮೊದಲೇ ಈ ಕೋರಿಕೆ ಸಲ್ಲಿಸಿಬಿಡುತ್ತಾರೆ. ಸಿಕ್ಕ ಐಪಿ ವಿಳಾಸವನ್ನು ಹಿಂದಿನ ಬಾಡಿಗೆದಾರರು ಸ್ಪ್ಯಾಮ್ ಕಳುಹಿಸಲು ಬಳಸಿದ್ದರೆ ಅದು 1998ರಿಂದ ಕೆಲಸ ಮಾಡುತ್ತಿರುವ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳ ಕಪ್ಪುಪಟ್ಟಿಯಲ್ಲಿರಬಹುದು. ಅದನ್ನೂ ಆರಂಭದಲ್ಲೇ ನೋಡಿಕೊಳ್ಳಬೇಕು.

ಸ್ಥಾಪನೆ ಮತ್ತು ಸಂರಚನೆ

ಡೆಬಿಯನ್ ಅಥವಾ ಉಬುಂಟು ಗಣಕದಲ್ಲಿ ‘ಆಪ್ಟ್’ ಆಜ್ಞೆಯಿಂದ ಪೋಸ್ಟ್‌ಫಿಕ್ಸ್ ಇಳಿಸಿಕೊಂಡರೆ ಅದು ಸರ್ವರ್‌ನ ಬಗೆ ಯಾವುದು ಎಂದು ಕೇಳುತ್ತದೆ: ನೇರವಾಗಿ ಪತ್ರ ಕಳುಹಿಸಿ ಸ್ವೀಕರಿಸುವ ‘ಇಂಟರ್‌ನೆಟ್ ಸೈಟ್’, ಹೊರಹೋಗುವುದನ್ನು ಮತ್ತೊಂದು ಸರ್ವರ್ ಮೂಲಕ ಕಳುಹಿಸುವ ‘ಸ್ಮಾರ್ಟ್‌ಹೋಸ್ಟ್’, ಎಲ್ಲವನ್ನೂ ಬೇರೆಡೆಗೆ ದಾಟಿಸಿಬಿಡುವ ‘ಸ್ಯಾಟಲೈಟ್’, ಗಣಕದೊಳಗಷ್ಟೇ ಕೆಲಸ ಮಾಡುವ ‘ಲೋಕಲ್ ಓನ್ಲಿ’. ಸಂಸ್ಥೆಯ ಮುಖ್ಯ ಸರ್ವರ್‌ಗೆ ಮೊದಲನೆಯದೇ ತಕ್ಕದ್ದು. ಇದಾದ ನಂತರ ‘ಇಟಿಸಿ’ ಕಡತಕೋಶದ ಒಳಗೆ ಪೋಸ್ಟ್‌ಫಿಕ್ಸ್‌ನ ಎರಡು ಮುಖ್ಯ ಕಡತಗಳು ಇರುತ್ತವೆ: ‘ಮೇನ್’ ಕಡತದಲ್ಲಿ ನಡವಳಿಕೆಯ ನಿಯಮಗಳು, ‘ಮಾಸ್ಟರ್’ ಕಡತದಲ್ಲಿ ಯಾವ ಯಾವ ಸಣ್ಣ ತಂತ್ರಾಂಶಗಳು ಹೇಗೆ ಓಡಬೇಕೆಂಬ ಪಟ್ಟಿ.

ಮೇನ್ ಕಡತದ ನೂರಾರು ಆಯ್ಕೆಗಳಲ್ಲಿ ಆರಂಭಕ್ಕೆ ಬೇಕಾದವು ಬೆರಳೆಣಿಕೆಯಷ್ಟು. ‘ಮೈಹೋಸ್ಟ್‌ನೇಮ್’ ಎಂಬುದು ಪಿಟಿಆರ್ ದಾಖಲೆಯಲ್ಲಿರುವ ಹೆಸರೇ ಆಗಿರಬೇಕು. ‘ಮೈಡೆಸ್ಟಿನೇಶನ್’ ಯಾವ ಡೊಮೇನ್‌ಗಳ ಪತ್ರಕ್ಕೆ ಈ ಗಣಕವೇ ಕೊನೆಯ ನಿಲ್ದಾಣ ಎಂದು ಹೇಳುತ್ತದೆ. ಹೆಚ್ಚಿನ ಎಚ್ಚರ ಬೇಕಾದದ್ದು ‘ಮೈನೆಟ್‌ವರ್ಕ್ಸ್’ ವಿಷಯದಲ್ಲಿ, ಏಕೆಂದರೆ ಗುರುತು ಕೇಳದೆಯೇ ಯಾರ ಪತ್ರವನ್ನು ಹೊರಗೆ ಕಳುಹಿಸಬಹುದು ಎಂದು ನಿರ್ಧರಿಸುವ ಪಟ್ಟಿ ಅದು. ಅಲ್ಲಿ ಅಗತ್ಯಕ್ಕಿಂತ ದೊಡ್ಡ ವ್ಯಾಪ್ತಿಯನ್ನು ಬರೆದರೆ ಸರ್ವರ್ ‘ಓಪನ್ ರಿಲೇ’ ಆಗುತ್ತದೆ, ಅಂದರೆ ಅಪರಿಚಿತರೂ ಅದರ ಮೂಲಕ ಯಾರಿಗೆ ಬೇಕಾದರೂ ಪತ್ರ ಕಳುಹಿಸಬಹುದು. 1990ರ ದಶಕದ ಆರಂಭದವರೆಗೆ ಹೀಗೆ ಬೇರೆಯವರ ಪತ್ರ ದಾಟಿಸುವುದು ಸೌಜನ್ಯವೆನಿಸಿತ್ತು; ಸ್ಪ್ಯಾಮ್ ಬಂದ ಮೇಲೆ ಅಂಥ ಸರ್ವರ್‌ಗಳೇ ಕಪ್ಪುಪಟ್ಟಿಗಳ ಮೊದಲ ಗುರಿಯಾದವು. ಇಂದು ತೆರೆದ ರಿಲೇಯನ್ನು ಸ್ಪ್ಯಾಮ್ ಕಳುಹಿಸುವವರು ಬೇಗ ಪತ್ತೆಹಚ್ಚುತ್ತಾರೆ, ಅದರಿಂದ ಕೆಟ್ಟ ಹೆಸರು ಸರಿಹೋಗಲು ಬಹಳ ಕಾಲ ಬೇಕಾಗುತ್ತದೆ.

ಸಂಸ್ಥೆಯ ಬಳಕೆದಾರರು ಪತ್ರ ಸಲ್ಲಿಸಲು 25ರ ಬದಲು 587 ಅಥವಾ 465ನೇ ಪೋರ್ಟ್ ಬಳಸಬೇಕು, ಅಲ್ಲಿ ಪಾಸ್‌ವರ್ಡ್ ಕೇಳಬೇಕು ಮತ್ತು ಸಂಪರ್ಕ ಗೂಢಲಿಪಿಯಲ್ಲಿರಬೇಕು. ಇದಕ್ಕೆ ಬೇಕಾದ ಟಿಎಲ್‌ಎಸ್ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತದೆ; ಅದರ ಆಯಸ್ಸು ಸಾಮಾನ್ಯವಾಗಿ 90 ದಿನ ಮಾತ್ರವಾದ್ದರಿಂದ ನವೀಕರಣವನ್ನು ಗಣಕಕ್ಕೇ ಒಪ್ಪಿಸಬೇಕು. ನವೀಕರಣವಾದ ಮೇಲೆ, ಪೆಟ್ಟಿಗೆಯ ಪತ್ರಗಳನ್ನು ಬಳಕೆದಾರರಿಗೆ ತೋರಿಸುವ ಡವ್‌ಕಾಟ್‌ನಂಥ ತಂತ್ರಾಂಶಕ್ಕೆ ಹೊಸ ಪ್ರಮಾಣಪತ್ರವನ್ನು ಓದುವಂತೆ ಸೂಚಿಸುವ ಆಜ್ಞೆಯನ್ನೂ ಜೊತೆಗೆ ಸೇರಿಸಿರಬೇಕು, ಇಲ್ಲದಿದ್ದರೆ ಡಿಸ್ಕ್‌ನಲ್ಲಿ ಹೊಸ ಪತ್ರವಿದ್ದರೂ ಬಳಕೆದಾರರಿಗೆ ಹಳೆಯದೇ ಸಿಗುತ್ತಿರುತ್ತದೆ.

ಪೆಟ್ಟಿಗೆ ಸೇರಿದ ಪತ್ರವನ್ನು ಫೋನ್ ಮತ್ತು ಗಣಕಗಳಿಗೆ ತೋರಿಸುವ ಕೆಲಸ ಪೋಸ್ಟ್‌ಫಿಕ್ಸ್‌ನದಲ್ಲ. ಅದಕ್ಕೆ ಟಿಮೊ ಸಿರೈನೆನ್ ಬರೆದು 2002ರಲ್ಲಿ ಬಿಡುಗಡೆ ಮಾಡಿದ ಡವ್‌ಕಾಟ್ ಎಂಬ ತಂತ್ರಾಂಶ ಪ್ರಚಲಿತವಾಗಿದೆ. ಐಮ್ಯಾಪ್ ವಿಧಿಯಲ್ಲಿ, 993ನೇ ಪೋರ್ಟ್‌ನಲ್ಲಿ ಅದು ಸೇವೆ ಕೊಡುತ್ತದೆ. ಪತ್ರಗಳನ್ನು ಕೂಡಿಡಲು ಹಳೆಯ ‘ಎಂಬಾಕ್ಸ್’ ಮಾದರಿಯಲ್ಲಿ ಒಬ್ಬರ ಎಲ್ಲ ಪತ್ರಗಳೂ ಒಂದೇ ಉದ್ದ ಕಡತದಲ್ಲಿರುತ್ತಿದ್ದವು, ಆ ಕಡತದ ನಡುವೆ ಒಂದು ಕಡೆ ಕೆಟ್ಟರೂ ಮುಂದಿನ ಪತ್ರಗಳು ಓದಲು ಸಿಗದಂತಾಗುವ ಅಪಾಯವಿತ್ತು. ಕ್ಯೂಮೇಲ್ ಜೊತೆಗೆ ಬಂದ ‘ಮೇಲ್‌ಡಿರ್’ ಮಾದರಿ ಪ್ರತಿ ಪತ್ರಕ್ಕೂ ಪ್ರತ್ಯೇಕ ಕಡತ ಮಾಡಿ, ಬರುತ್ತಿರುವುದು, ಹೊಸದು, ಕಂಡದ್ದು ಎಂದು ಮೂರು ಕೋಶಗಳಲ್ಲಿ ಇಡುತ್ತದೆ. ಬ್ಯಾಕಪ್ ತೆಗೆಯುವುದೂ ಒಂದು ಪತ್ರವನ್ನಷ್ಟೇ ಮರಳಿ ಪಡೆಯುವುದೂ ಇದರಲ್ಲಿ ಸುಲಭ.

ನಂಬಿಕೆಯ ದಾಖಲೆಗಳು

ಇಷ್ಟು ಮಾಡಿದ ಸರ್ವರ್ ಪತ್ರ ಸ್ವೀಕರಿಸುತ್ತದೆ, ಕಳುಹಿಸುತ್ತದೆ. ಕಳುಹಿಸಿದ್ದು ಸ್ಪ್ಯಾಮ್ ಪೆಟ್ಟಿಗೆಗೆ ಬೀಳದೆ ತಲುಪಬೇಕಾದರೆ ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಇನ್ನೂ ಮೂರು ದಾಖಲೆಗಳು ಬೇಕು. ಎಸ್‌ಪಿಎಫ್ ಎಂಬುದು ಈ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಐಪಿ ವಿಳಾಸಗಳಿಗೆ ಅನುಮತಿಯಿದೆ ಎಂದು ಘೋಷಿಸುತ್ತದೆ. ಡಿಕಿಮ್ ಎಂಬ ವಿಧಾನದಲ್ಲಿ ಹೊರಡುವ ಪ್ರತಿ ಪತ್ರಕ್ಕೂ ಸರ್ವರ್ ತನ್ನ ಗುಪ್ತ ಕೀಲಿಯಿಂದ ಸಹಿ ಹಾಕುತ್ತದೆ, ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ಡಿಮಾರ್ಕ್ ಎಂಬುದು ಈ ಎರಡರ ಫಲಿತಾಂಶವನ್ನು ಪತ್ರದ ಒಳಗೆ ಕಾಣುವ ‘ಇಂದ’ ವಿಳಾಸಕ್ಕೆ ಹೊಂದಿಸಿ, ಹೊಂದದಿದ್ದರೆ ಏನು ಮಾಡಬೇಕು ಎಂಬ ಒಡೆಯರ ಇಚ್ಛೆಯನ್ನು ತಿಳಿಸುತ್ತದೆ: ಸುಮ್ಮನಿರಬೇಕೆ, ಪಕ್ಕಕ್ಕೆ ಇಡಬೇಕೆ, ತಿರಸ್ಕರಿಸಬೇಕೆ. ಮೊದಲ ದಿನವೇ ತಿರಸ್ಕಾರದ ನೀತಿ ಬರೆಯುವುದು ತಪ್ಪು. ಪರೀಕ್ಷಾ ವಿಭಾಗದ ತಂತ್ರಾಂಶ, ಶುಲ್ಕ ರಸೀದಿ ಕಳುಹಿಸುವ ಹೊರಗಿನ ಸೇವೆ ಹೀಗೆ ಸಂಸ್ಥೆಯ ಹೆಸರಿನಲ್ಲಿ ಪತ್ರ ಕಳುಹಿಸುವವರು ಎಷ್ಟು ಮಂದಿ ಎಂಬುದು ಡಿಮಾರ್ಕ್ ವರದಿಗಳು ಬರತೊಡಗಿದ ಮೇಲೆಯೇ ತಿಳಿಯುತ್ತದೆ.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ದಾಖಲೆಗಳನ್ನು ಕಡ್ಡಾಯದ ಮಟ್ಟಕ್ಕೆ ಏರಿಸಿದವು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಬೇಕು. ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್, ಸರಿಯಾದ ಪಿಟಿಆರ್ ಮತ್ತು ಟಿಎಲ್‌ಎಸ್ ಬೇಕು. ಪ್ರವೇಶ ಪ್ರಕ್ರಿಯೆಯ ದಿನಗಳಲ್ಲಿ ಸಾವಿರಾರು ಅಭ್ಯರ್ಥಿಗಳಿಗೆ ಒಟ್ಟಿಗೆ ಪತ್ರ ಹಾಕುವ ಯಲಹಂಕದ ಕಾಲೇಜೊಂದು ಈ ಮಿತಿಯನ್ನು ಒಂದೇ ಬೆಳಗ್ಗೆ ದಾಟಬಹುದು.

ಹೆಸರು ಬದಲಾಯಿಸುವ ಸಂಸ್ಥೆಗಳಿಗೆ ಈ ವ್ಯವಸ್ಥೆಯಲ್ಲಿ ಒಂದು ತೊಡಕಿದೆ. ವಿಜ್ಞಾನ ಸಂಸ್ಥೆಯು ಅರ್‌ನೆಟ್ ಅಡಿಯ ಹಳೆಯ ಹೆಸರಿನಿಂದ ‘ಎಸಿ ಡಾಟ್ ಇನ್’ ವಲಯದ ಹೆಸರಿಗೆ ಬಂದಂತೆ ಎಲ್ಲಾದರೂ ಹೆಸರು ಬದಲಾದಾಗ, ಅಚ್ಚಾದ ಪ್ರಬಂಧಗಳಲ್ಲಿರುವ ಹಳೆಯ ವಿಳಾಸ ಬದಲಾಗುವುದಿಲ್ಲ. ಓದುಗರು ಹತ್ತು ವರ್ಷದ ನಂತರವೂ ಆ ವಿಳಾಸಕ್ಕೇ ಬರೆಯಬಹುದು. ಹಳೆಯ ವಿಳಾಸಕ್ಕೆ ಬಂದದ್ದನ್ನು ಹೊರಗಿನ ಹೊಸ ಸರ್ವರ್‌ಗೆ ದಾಟಿಸಿದರೆ ಅದು ಮೂಲ ಕಳುಹಿಸಿದವರ ಪಟ್ಟಿಯಲ್ಲಿಲ್ಲದ ಐಪಿ ವಿಳಾಸದಿಂದ ಬಂದಂತೆ ಕಂಡು ಎಸ್‌ಪಿಎಫ್ ಪರೀಕ್ಷೆಯಲ್ಲಿ ಸೋಲುತ್ತದೆ. ದಾಟಿಸುವಾಗ ಲಕೋಟೆಯ ವಿಳಾಸವನ್ನು ತನ್ನ ಹೆಸರಿಗೆ ತಿದ್ದುವ ಎಸ್‌ಆರ್‌ಎಸ್ ಎಂಬ ಉಪಾಯ ಇದಕ್ಕೆ ಪರಿಹಾರ. ಪತ್ರದ ಪಠ್ಯವನ್ನು ಮುಟ್ಟದಿದ್ದರೆ ಡಿಕಿಮ್ ಸಹಿಯೂ ಕೆಡದೆ ಉಳಿಯುತ್ತದೆ. ಸಂಶೋಧನಾ ಸಂಸ್ಥೆಗಳು ಹಳೆಯ ಡೊಮೇನ್‌ನ ಎಂಎಕ್ಸ್ ದಾಖಲೆಯನ್ನು ಖರ್ಚಿನ ಲೆಕ್ಕದಲ್ಲಿ ಅಳಿಸದೆ ದೀರ್ಘಕಾಲ ಉಳಿಸಿಕೊಳ್ಳಬೇಕು.

ಕನ್ನಡದ ಪತ್ರಗಳು

ಮೂಲ ಎಸ್‌ಎಂಟಿಪಿ ಏಳು ಬಿಟ್‌ಗಳ ಇಂಗ್ಲಿಷ್ ಅಕ್ಷರಗಳಿಗಷ್ಟೇ ರೂಪಿಸಿದ ವಿಧಿ. ಬೇರೆ ಲಿಪಿ ಮತ್ತು ಲಗತ್ತುಗಳಿಗೆ ದಾರಿ ಮಾಡಿದ್ದು 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಮೈಮ್ ಎಂಬ ಕ್ರಮ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದಲ್ಲಿ ಪತ್ರ ಬರೆಯುವವರು ನುಡಿ, ಬರಹದಂಥ ತಂತ್ರಾಂಶಗಳ ಅಕ್ಷರವಿನ್ಯಾಸಗಳನ್ನು ನೆಚ್ಚಿಕೊಂಡಿದ್ದರು. ಅವು ಇಂಗ್ಲಿಷ್ ಸಂಕೇತಸ್ಥಾನಗಳ ಮೇಲೆ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದರಿಂದ, ಅದೇ ಫಾಂಟ್ ಇಲ್ಲದವರಿಗೆ ಪತ್ರ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟ್ ಹಿಡಿಯುತ್ತದೆ. ಅದನ್ನು ಏಳು ಬಿಟ್‌ಗಳ ದಾರಿಯಲ್ಲಿ ಕಳುಹಿಸಲು ‘ಬೇಸ್64’ ಕ್ರಮ ಬಳಸಿದರೆ 3 ಬೈಟ್‌ಗೆ 4 ಅಕ್ಷರಗಳಾಗುತ್ತವೆ, ‘ಕೋಟೆಡ್ ಪ್ರಿಂಟಬಲ್’ ಕ್ರಮದಲ್ಲಾದರೆ ಪ್ರತಿ ಬೈಟ್‌ಗೂ 3 ಅಕ್ಷರಗಳಂತೆ ಒಂದು ‘ಕ’ಕಾರಕ್ಕೆ 9 ಅಕ್ಷರಗಳು ಬೇಕಾಗುತ್ತವೆ. ಕನ್ನಡದ ದೀರ್ಘ ಸುತ್ತೋಲೆಗಳಿಗೆ ಬೇಸ್64 ಮೇಲು ಎಂಬುದು ಇದರಿಂದ ಸ್ಪಷ್ಟ.

ವಿಳಾಸವೇ ಕನ್ನಡದಲ್ಲಿರುವುದು ಇದರ ಮುಂದಿನ ಹೆಜ್ಜೆ. ಅಂಚೆಪೆಟ್ಟಿಗೆಯ ಹೆಸರಿನಲ್ಲಿಯೂ ಯುಟಿಎಫ್-8 ಅಕ್ಷರಗಳಿಗೆ ಅವಕಾಶ ಕೊಡುವ ಎಸ್‌ಎಂಟಿಪಿ ವಿಸ್ತರಣೆ 2012ರಲ್ಲಿ ಪ್ರಕಟವಾಯಿತು. ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಅದನ್ನು ಪಾಲಿಸುತ್ತದೆ, ಸಂರಚನೆಯಲ್ಲಿ ಒಂದು ಸಾಲು ಸಾಕು. ಡೊಮೇನ್ ಕಡೆ ಕನ್ನಡ ಲಿಪಿಯ ‘ಡಾಟ್ ಭಾರತ’ ವಲಯವಿದೆ. ಆದರೆ ಪಡೆಯುವ ಸರ್ವರ್ ಈ ವಿಸ್ತರಣೆಯನ್ನು ಘೋಷಿಸದಿದ್ದರೆ ಪತ್ರ ಹಿಂದಿರುಗುತ್ತದೆ, ಆದ್ದರಿಂದ ಪ್ರತಿ ಕನ್ನಡ ವಿಳಾಸಕ್ಕೂ ಜೊತೆಗೊಂದು ಇಂಗ್ಲಿಷ್ ಲಿಪಿಯ ವಿಳಾಸ ಇಡುವುದು ಈಗಿನ ಮಟ್ಟಿಗೆ ಅನಿವಾರ್ಯ. ಇನ್ನೊಂದು ಸೂಕ್ಷ್ಮವೂ ಇದೆ: ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಬಹುದು, ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಬಿಡಿಕೆ ಚಿಹ್ನೆಯೂ ಸೇರಬಹುದು. ತೆರೆಯ ಮೇಲೆ ಒಂದೇ ಆಗಿ ಕಾಣುವ ಎರಡು ವಿಳಾಸಗಳು ಸರ್ವರ್‌ಗೆ ಬೇರೆ ಬೇರೆಯಾಗಬಾರದೆಂದರೆ ಪೆಟ್ಟಿಗೆ ಸೃಷ್ಟಿಸುವಾಗಲೇ ಎಲ್ಲ ಹೆಸರುಗಳನ್ನೂ ಒಂದೇ ಸಾಮಾನ್ಯ ರೂಪಕ್ಕೆ ತರಬೇಕು. ಕನ್ನಡ ಬಲ್ಲ ಎಂಜಿನಿಯರುಗಳು ಕೈಹಾಕಬೇಕಾದ ಕ್ಷೇತ್ರವಿದು, ಬೇರೆ ಭಾಷಿಕರು ಇದನ್ನು ನಮಗಾಗಿ ಸರಿಪಡಿಸುವರೆಂದು ಕಾಯುವುದು ಸರಿಯಲ್ಲ.

ನಿತ್ಯ ನಿರ್ವಹಣೆ

ತಲುಪದ ಪತ್ರಗಳನ್ನು ಪೋಸ್ಟ್‌ಫಿಕ್ಸ್ ಸರತಿಯಲ್ಲಿಟ್ಟು, ಮೊದಲು ಕೆಲವು ನಿಮಿಷಗಳ, ಬಳಿಕ ಸುಮಾರು ಒಂದು ಗಂಟೆಯವರೆಗಿನ ಅಂತರದಲ್ಲಿ ಮತ್ತೆ ಮತ್ತೆ ಯತ್ನಿಸುತ್ತದೆ. ನಾಲ್ಕರಿಂದ ಆರಂಭವಾಗುವ ಉತ್ತರಸಂಖ್ಯೆ ತಾತ್ಕಾಲಿಕ ಅಡ್ಡಿಯನ್ನು, ಐದರಿಂದ ಆರಂಭವಾಗುವುದು ಶಾಶ್ವತ ತಿರಸ್ಕಾರವನ್ನು ಸೂಚಿಸುತ್ತದೆ. ತಾತ್ಕಾಲಿಕವಾದದ್ದು 5 ದಿನ ಕಳೆದರೂ ಬಗೆಹರಿಯದಿದ್ದರೆ ಪತ್ರ ಕಳುಹಿಸಿದವರಿಗೆ ಹಿಂದಿರುಗುತ್ತದೆ. ಇದರ ಪ್ರಯೋಜನ ಬೇಸಿಗೆಯ ಮಳೆಗೆ ಮರ ಬಿದ್ದು ಬೆಸ್ಕಾಂ ವಿದ್ಯುತ್ ಹೋದಾಗ ತಿಳಿಯುತ್ತದೆ. ಯುಪಿಎಸ್ ಕೈಕೊಟ್ಟು ಪೀಣ್ಯದ ಕಚೇರಿಯೊಂದರ ಸರ್ವರ್ ಕೆಲವು ಗಂಟೆ ನಿಂತರೂ ಹೊರಗಿನ ಸರ್ವರ್‌ಗಳು ಪತ್ರಗಳನ್ನು ತಮ್ಮ ಸರತಿಯಲ್ಲಿಟ್ಟುಕೊಂಡು, ವಿದ್ಯುತ್ ಬಂದ ನಂತರ ತಲುಪಿಸುತ್ತವೆ. ಹೀಗಾಗಿ ಸಣ್ಣ ಸಂಸ್ಥೆಗೆ ಎರಡನೆಯ ಎಂಎಕ್ಸ್ ಗಣಕಕ್ಕಿಂತ ಒಳ್ಳೆಯ ಬ್ಯಾಕಪ್ ಹೆಚ್ಚು ಮುಖ್ಯ. ನೋಡಿಕೊಳ್ಳುವವರಿಲ್ಲದ ಎರಡನೆಯ ಗಣಕ ಸ್ಪ್ಯಾಮ್ ನುಸುಳುವ ಹಿತ್ತಿಲ ಬಾಗಿಲಾಗುವುದೇ ಹೆಚ್ಚು.

ಪತ್ರ ಬಂದಿಲ್ಲ ಎಂಬ ದೂರಿಗೆ ಉತ್ತರ ಸಿಗುವುದು ಲಾಗ್ ಕಡತದಲ್ಲಿ. ಡೆಬಿಯನ್‌ನಲ್ಲಿ ‘ಮೇಲ್ ಡಾಟ್ ಲಾಗ್’ ಎಂದೂ ರೆಡ್ ಹ್ಯಾಟ್‌ನಲ್ಲಿ ‘ಮೇಲ್‌ಲಾಗ್’ ಎಂದೂ ಹೆಸರಿರುವ ಈ ಕಡತದಲ್ಲಿ ಪ್ರತಿ ಪತ್ರಕ್ಕೂ ಒಂದು ಸರತಿ ಗುರುತು ಇರುತ್ತದೆ. ಆ ಗುರುತನ್ನು ಹಿಡಿದು ಹುಡುಕಿದರೆ ಪತ್ರ ಎಷ್ಟು ಹೊತ್ತಿಗೆ ಬಂದಿತು, ಯಾರಿಂದ ಬಂದಿತು, ಎಷ್ಟು ಸೆಕೆಂಡು ತಡೆಯಿತು, ಆ ಕಡೆಯ ಸರ್ವರ್ ಯಾವ ಮಾತಿನಲ್ಲಿ ಉತ್ತರಿಸಿತು ಎಂಬುದೆಲ್ಲ ಸಾಲುಸಾಲಾಗಿ ಸಿಗುತ್ತದೆ. ಆ ಕಡೆಯ ಸರ್ವರ್ 250 ಎಂದು ಉತ್ತರಿಸಿದ್ದಕ್ಕೆ ಸಾಕ್ಷಿಯಾಗಿ ‘ಸೆಂಟ್’ ಎಂಬ ಸ್ಥಿತಿ ದಾಖಲಾಗಿದ್ದರೆ ಹುಡುಕಾಟ ಮುಂದುವರಿಯಬೇಕಾದ್ದು ಆ ಸಂಸ್ಥೆಯಲ್ಲಿ.

ಲಾಗ್ ಇಡುವುದು ಕಾನೂನಿನ ಅಗತ್ಯವೂ ಹೌದು. ಭಾರತದ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡ, ಅಂದರೆ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು, ಸೈಬರ್ ಅವಘಡಗಳನ್ನು ಅರಿವಿಗೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಗಣಕಗಳ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಕಾಲಸೂಚಕ ಸರ್ವರ್‌ಗಳಿಗೆ ಹೊಂದಿಸಬೇಕು. ಹೆಚ್ಚಿನ ಲಿನಕ್ಸ್ ಗಣಕಗಳಲ್ಲಿ ಲಾಗ್ ಕಡತಗಳು ಕೆಲವೇ ವಾರಗಳಲ್ಲಿ ತಾವಾಗಿ ಅಳಿಯುವಂತೆ ಹೊಂದಿಸಿರುತ್ತಾರೆ; ಸ್ಥಾಪನೆಯ ದಿನವೇ ಇದನ್ನು ಬದಲಿಸದಿದ್ದರೆ ಬೇಕಾದಾಗ ದಾಖಲೆ ಸಿಗುವುದಿಲ್ಲ.

ಹೊರಗಿನ ಸೇವೆಗೆ ಹೋದ ನಂತರ

ಈಚಿನ ವರ್ಷಗಳಲ್ಲಿ ವಿದ್ಯಾಸಂಸ್ಥೆಗಳೂ ಕಂಪನಿಗಳೂ ಅಂಚೆಪೆಟ್ಟಿಗೆಗಳನ್ನು ದೊಡ್ಡ ಕ್ಲೌಡ್ ಸೇವೆಗಳಿಗೆ ಒಪ್ಪಿಸುತ್ತಿವೆ. ಸ್ಪ್ಯಾಮ್ ಶೋಧನೆಯ ಶ್ರಮ ಮತ್ತು ಅನುಭವಿ ಸಿಬ್ಬಂದಿಯ ಕೊರತೆ ನೋಡಿದರೆ ಈ ನಿರ್ಧಾರ ಹಲವೆಡೆ ಸಕಾರಣವೇ. ಆದರೆ ಡೊಮೇನ್‌ನ ನೋಂದಣಿ ಮತ್ತು ಡಿಎನ್‌ಎಸ್‌ನ ಹಿಡಿತ ಸಂಸ್ಥೆಯ ಕೈಯಲ್ಲೇ, ಸಂಸ್ಥೆಯ ಹೆಸರಿನ ಖಾತೆಯಲ್ಲೇ ಉಳಿಯಬೇಕು. ಅದನ್ನು ವೆಬ್‌ಸೈಟ್ ಮಾಡಿಕೊಟ್ಟ ಗುತ್ತಿಗೆದಾರರ ಖಾತೆಯಲ್ಲಿ ಬಿಟ್ಟ ಸಂಸ್ಥೆಗೆ ತನ್ನ ಅಂಚೆಯ ಮೇಲೆ ನಿಜವಾದ ಅಧಿಕಾರವಿರುವುದಿಲ್ಲ. ಯುನಿಕ್ಸ್ ಮೇಲ್ ಸರ್ವರ್ ಕಟ್ಟುವುದನ್ನು ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಕಲಿಸುವುದೂ ಅವಶ್ಯ, ಏಕೆಂದರೆ ಡಿಎನ್‌ಎಸ್, ಗೂಢಲಿಪಿ, ಸರತಿ, ಅಧಿಕಾರ ವಿಭಜನೆ ಇಷ್ಟೂ ಒಂದೇ ಕಡೆ ಕೈಗೆ ಸಿಗುವ ಪಾಠ ಬೇರೊಂದಿಲ್ಲ.

ಪೆಟ್ಟಿಗೆಗಳು ಹೊರಗೆ ಹೋದರೂ ಸಂಸ್ಥೆಯೊಳಗಿನ ಯುನಿಕ್ಸ್ ಗಣಕಗಳು ಪತ್ರ ಬರೆಯುವುದನ್ನು ನಿಲ್ಲಿಸುವುದಿಲ್ಲ. ಕೋಹಾ ತಂತ್ರಾಂಶವಿರುವ ಗ್ರಂಥಾಲಯ ಪುಸ್ತಕ ಹಿಂದಿರುಗಿಸುವ ದಿನವನ್ನು ಓದುಗರಿಗೆ ನೆನಪಿಸುತ್ತದೆ, ನಿಗದಿತ ವೇಳೆಗೆ ಕೆಲಸ ನಡೆಸುವ ‘ಕ್ರಾನ್’ ರಾತ್ರಿಯ ಬ್ಯಾಕಪ್ ವಿಫಲವಾದ ಸುದ್ದಿ ಕಳುಹಿಸುತ್ತದೆ, ಪ್ರಯೋಗಾಲಯದ ಗಣಕ ಡಿಸ್ಕ್ ತುಂಬುತ್ತಿರುವ ಎಚ್ಚರಿಕೆ ಕೊಡುತ್ತದೆ. ಇಂಥ ಗಣಕಗಳಲ್ಲಿ ಪೋಸ್ಟ್‌ಫಿಕ್ಸ್ ಅನ್ನು ‘ಸ್ಯಾಟಲೈಟ್’ ಬಗೆಯಲ್ಲಿ ಸ್ಥಾಪಿಸಿ, ಹೊರಗಿನಿಂದ ಬರುವ ಸಂಪರ್ಕಗಳಿಗೆ ಕಿವಿಗೊಡದಂತೆ ಗಣಕದೊಳಗಿನ ವಿಳಾಸಕ್ಕಷ್ಟೇ ಕಟ್ಟಿಹಾಕಿ, ‘ರಿಲೇಹೋಸ್ಟ್’ ಸಾಲಿನಲ್ಲಿ ಸಂಸ್ಥೆಯ ಅಧಿಕೃತ ಸರ್ವರ್‌ನ ಹೆಸರನ್ನೂ 587ನೇ ಪೋರ್ಟ್ ಅನ್ನೂ ಬರೆದು, ಗುರುತಿನ ಕಡತವನ್ನು ನಿರ್ವಾಹಕರ ಹೊರತು ಬೇರೆಯವರು ಓದದಂತೆ ಇಟ್ಟರೆ, ಒಳಗಿನ ಗಣಕಗಳ ಪತ್ರಗಳೂ ಸಂಸ್ಥೆಯ ಡಿಕಿಮ್ ಸಹಿಯೊಡನೆಯೇ ಹೊರಡುತ್ತವೆ.